ತಾಳೆ ನೋಡುವುದಕ್ಕೂ ಅಂಕ ಇರಲಿ

ಮಾನ್ಯರೇ,

ಘಾತೀಯ ಸಮೀಕರಣ, ತ್ರಿಕೋನಮಿತಿ ಸಮೀಕರಣಗಳಲ್ಲಿ ಮಕ್ಕಳು ಸೂತ್ರ ಮರೆತು ಅಂಕ ಕಳೆದುಕೊಳ್ಳುತ್ತಾರೆ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಉತ್ತರಪತ್ರಿಕೆಯನ್ನು ಸಾಲು ಸಾಲಾಗಿ ಓದಿದರೆ ಎಷ್ಟೋ ಸಲ ಸೂತ್ರವೂ ಸರಿ, ಕೂಡಿ ಕಳೆದದ್ದೂ ಸರಿ. ನಡುವೆ ಎಲ್ಲೋ ಒಂದು ಮೂಲ (ಸಮೀಕರಣಕ್ಕೆ ಹೊಂದುವ ಬೆಲೆ) ಬಿದ್ದುಹೋಗಿರುತ್ತದೆ, ಇಲ್ಲವೇ ಸಲ್ಲದ ಮೂಲವೊಂದು ಒಳಗೆ ಸೇರಿಕೊಂಡಿರುತ್ತದೆ.

9^ಎಕ್ಸ್ − 2 × 3^ಎಕ್ಸ್ − 3 = 0 ಎಂಬುದನ್ನು ತೆಗೆದುಕೊಳ್ಳಿ (‘^’ ಎಂದರೆ ಘಾತ). 9 ಎಂದರೆ 3ರ ವರ್ಗ. ಹಾಗಾಗಿ 3^ಎಕ್ಸ್ ಅನ್ನು ಟಿ ಎಂದು ಇಟ್ಟುಕೊಂಡರೆ ಟಿ² − 2ಟಿ − 3 = 0 ಸಿಗುತ್ತದೆ. ಅಪವರ್ತಿಸಿದರೆ ಟಿ = 3 ಅಥವಾ ಟಿ = −1. ಅನೇಕರು ಇಲ್ಲಿಗೇ ಲೆಕ್ಕ ಮುಗಿಯಿತೆಂದು ‘ಎಕ್ಸ್ = 3, −1’ ಎಂದು ಬರೆದುಬಿಡುತ್ತಾರೆ. ಕೇಳಿದ್ದು ಎಕ್ಸ್, ಸಿಕ್ಕಿದ್ದು ಟಿ. ಘಾತಸೂಚಿ ಯಾವ ವಾಸ್ತವ ಸಂಖ್ಯೆಯಾದರೂ 3ರ ಘಾತ ಋಣವಾಗದು, ಆದ್ದರಿಂದ −1 ಬಿಡಬೇಕು. 3^ಎಕ್ಸ್ = 3 ಆದಾಗ ಎಕ್ಸ್ = 1. ಆದೇಶಿಸಿ, ಅಂದರೆ ಎಕ್ಸ್ ಇರುವಲ್ಲಿ 1 ಹಾಕಿ ನೋಡಿ: 9 − 6 − 3 = 0. ಟಿ ಎಂದು ಇಟ್ಟುಕೊಳ್ಳುವ ಸಾಲಿನ ಪಕ್ಕದಲ್ಲೇ ‘ಟಿ > 0’ ಎಂದು ಬರೆಸಿದರೆ ಈ ತಪ್ಪು ಅಲ್ಲೇ ನಿಲ್ಲುತ್ತದೆ. 2 × 3^ಎಕ್ಸ್ ಅನ್ನು 6^ಎಕ್ಸ್ ಎಂದು ಬರೆಯುವವರೂ ಇದ್ದಾರೆ. ಎಕ್ಸ್ = 2 ಎಂದು ಹಾಕಿಸಿ; ಒಂದು 18, ಇನ್ನೊಂದು 36. ಮತ್ತೆ ವಿವರಿಸುವ ಅಗತ್ಯವೇ ಬೀಳದು.

ಎರಡೂ ಬದಿಯ ಆಧಾರ (ಘಾತಸೂಚಿಯ ಕೆಳಗಿನ ಸಂಖ್ಯೆ) ಹೊಂದದಿದ್ದಾಗ ಘಾತಸೂಚಿಯನ್ನು ತಿಳಿಸುವ ಲಾಗರಿದಮ್ (ಲಾಗ್) ಬೇಕು. 2^ಎಕ್ಸ್ = 5 ಆದರೆ ಎಕ್ಸ್ ಎಂದರೆ ಲಾಗ್ 5 ಅನ್ನು ಲಾಗ್ 2ರಿಂದ ಭಾಗಿಸಿದ್ದು, ಅಂದರೆ 0.6990 ÷ 0.3010, ಸುಮಾರು 2.32. ಭಾಗಿಸುವ ಬದಲು ಕಳೆದವರಿಗೆ 0.398 ಬರುತ್ತದೆ. 2ರ ವರ್ಗ 4, ಘನ 8; ಉತ್ತರ 2 ಮತ್ತು 3ರ ನಡುವೆ ಇರಲೇಬೇಕು ಎಂದು ಮೊದಲೇ ಅಂದಾಜು ಮಾಡಿಕೊಂಡವರು 0.398 ಅನ್ನು ನಂಬುವುದಿಲ್ಲ.

ತ್ರಿಕೋನಮಿತಿಯಲ್ಲಿ ತೊಂದರೆ ಇನ್ನೂ ಆಳವಾದದ್ದು, ಏಕೆಂದರೆ ಒಂದೇ ಸಮೀಕರಣಕ್ಕೆ ಹಲವು ಮೂಲಗಳಿರುತ್ತವೆ. ಸೈನ್ 2ಎಕ್ಸ್ = ಸೈನ್ ಎಕ್ಸ್ ಎಂಬುದನ್ನು 0°ಯಿಂದ 360°ಯೊಳಗೆ (360° ಬಿಟ್ಟು) ಬಿಡಿಸಬೇಕೆನ್ನಿ. ಎಡಬದಿ 2 ಸೈನ್ ಎಕ್ಸ್ ಕಾಸ್ ಎಕ್ಸ್ ಆಗುತ್ತದೆ. ಎರಡೂ ಕಡೆ ಸೈನ್ ಎಕ್ಸ್ ಕಂಡೊಡನೆ ಅದನ್ನು ಹೊಡೆದುಹಾಕುವುದು ಕೈಗೆ ಅಂಟಿದ ಅಭ್ಯಾಸ. ಆಗ ಕಾಸ್ ಎಕ್ಸ್ = 1/2, ಮೂಲಗಳು 60°, 300°. ಆದರೆ ಸೊನ್ನೆಯಾಗಬಹುದಾದ ಪದದಿಂದ ಭಾಗಿಸುವ ಹಾಗಿಲ್ಲ. ಎಲ್ಲವನ್ನೂ ಎಡಕ್ಕೆ ತಂದು ಸೈನ್ ಎಕ್ಸ್ (2 ಕಾಸ್ ಎಕ್ಸ್ − 1) = 0 ಎಂದು ಬರೆದರೆ 0°, 180° ಕೂಡ ಸಿಗುತ್ತವೆ. ನಾಲ್ಕು ಮೂಲಗಳಲ್ಲಿ ಎರಡನ್ನು ಒಂದು ಗೀಟು ಅಳಿಸಿಹಾಕಿರುತ್ತದೆ.

ವರ್ಗ ಮಾಡಿದರೆ ಆಗುವುದು ಇದರ ವಿರುದ್ಧ. ಸೈನ್ ಎಕ್ಸ್ + ಕಾಸ್ ಎಕ್ಸ್ = 1 ಅನ್ನು ವರ್ಗ ಮಾಡಿ: 1 + ಸೈನ್ 2ಎಕ್ಸ್ = 1, ಅಂದರೆ ಸೈನ್ 2ಎಕ್ಸ್ = 0. ಅದೇ ವ್ಯಾಪ್ತಿಯಲ್ಲಿ 0°, 90°, 180°, 270° ಬರುತ್ತವೆ. ಮೊದಲಿನ ಸಮೀಕರಣದಲ್ಲಿ ಆದೇಶಿಸಿದರೆ ಮೊದಲೆರಡಕ್ಕೆ 1, ಕೊನೆಯೆರಡಕ್ಕೆ −1. ವರ್ಗ ಮಾಡಿದಾಗ 1ಕ್ಕೂ −1ಕ್ಕೂ ವ್ಯತ್ಯಾಸ ಅಳಿಸಿಹೋಗುತ್ತದೆ, ಬಲಬದಿಯಲ್ಲಿ −1 ಇರುವ ಸಮೀಕರಣದ ಮೂಲಗಳೂ ನುಸುಳುತ್ತವೆ. ಇಲ್ಲಿ ತಾಳೆ ನೋಡುವುದು ಬಿಡಿಸುವ ಕ್ರಮದ್ದೇ ಒಂದು ಹಂತ, ಬಿಟ್ಟರೆ ಉತ್ತರವೇ ತಪ್ಪು.

ಟ್ಯಾನ್ (ಎಕ್ಸ್/2) ಅನ್ನು ಟಿ ಎಂದು ಇಡುವ ವಿಧಾನದಲ್ಲಿಯೂ ಹೀಗೊಂದು ಬಲೆಯಿದೆ. ಸೈನ್ ಎಕ್ಸ್ − ಕಾಸ್ ಎಕ್ಸ್ = 1ಕ್ಕೆ ಅದನ್ನು ಬಳಸಿದರೆ 2ಟಿ − 1 + ಟಿ² = 1 + ಟಿ² ಆಗಿ, ಟಿ² ಎರಡೂ ಕಡೆ ಹೋಗಿ ಟಿ = 1, ಎಕ್ಸ್ = 90° ಎಂದಷ್ಟೇ ಬರುತ್ತದೆ. 180° ಕೂಡ ಮೂಲವೇ; ಆದರೆ ಟ್ಯಾನ್ 90°ಗೆ ಬೆಲೆಯೇ ಇಲ್ಲವಾದ್ದರಿಂದ ಅದು ಟಿ ರೂಪದಲ್ಲಿ ಕಾಣಿಸಿಕೊಳ್ಳಲಾರದು. ಈ ವಿಧಾನ ಹಿಡಿದಾಗ 180°ಯನ್ನು ಬೇರೆಯಾಗಿ ಪರೀಕ್ಷಿಸಲೇಬೇಕು.

ಸೈನ್ 2ಎಕ್ಸ್ = 1/2 ಎಂದಾಗ 30°, 150° ಬರೆದು ಅರ್ಧ ಮಾಡಿ ನಿಲ್ಲಿಸುವವರೇ ಹೆಚ್ಚು. ಎಕ್ಸ್ 360°ವರೆಗೆ ಹೋದರೆ 2ಎಕ್ಸ್ 720°ವರೆಗೆ ಹೋಗುತ್ತದೆ. 390°, 510° ಸೇರಿಸಿಕೊಂಡ ಮೇಲೆಯೇ ಅರ್ಧ ಮಾಡಬೇಕು: 15°, 75°, 195°, 255°. ಕ್ಯಾಲ್ಕುಲೇಟರ್ ಕೊಡುವುದು ಒಂದೇ ಕೋನ, ಉಳಿದದ್ದನ್ನು ವೃತ್ತದ ಚಿತ್ರ ಬರೆದು ಹುಡುಕಬೇಕು. ಸೈನ್ 30 ಒತ್ತಿದಾಗ 0.5 ಬದಲು −0.988 ಬಂದರೆ ಯಂತ್ರ ಡಿಗ್ರಿಯ ಬದಲು ಕೋನದ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿದೆ ಎಂದರ್ಥ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಪ್ರಶ್ನೆ ತೆಗೆಯುವವರು ಕೋನದ ವ್ಯಾಪ್ತಿಯನ್ನು ಪ್ರಶ್ನೆಯಲ್ಲೇ ಸ್ಪಷ್ಟವಾಗಿ ಕೊಡಲಿ. ಮೌಲ್ಯಮಾಪನದ ಮಾದರಿ ಉತ್ತರದಲ್ಲಿ, ಸಲ್ಲದ ಮೂಲವನ್ನು ಕಾರಣ ಕೊಟ್ಟು ಬಿಟ್ಟದ್ದಕ್ಕೆ, ಸಿಕ್ಕ ಬೆಲೆಯನ್ನು ಮೊದಲಿನ ಸಮೀಕರಣದಲ್ಲಿ ಆದೇಶಿಸಿ ನೋಡಿದ್ದಕ್ಕೆ ಒಂದು ಅಂಕವನ್ನಾದರೂ ಬೇರೆಯಾಗಿ ತೋರಿಸಲಿ. ಅಂಕವಿಲ್ಲದ ಹಂತವನ್ನು ಪರೀಕ್ಷೆಯ ಗಡಿಬಿಡಿಯಲ್ಲಿ ಯಾವ ವಿದ್ಯಾರ್ಥಿಯೂ ಬರೆಯುವುದಿಲ್ಲ.

– ಇಬ್ಬರು ಗಣಿತ ಶಿಕ್ಷಕರು