ನಮ್ಮ ಸ್ಟಾ-ಲೆವೆಲ್‌ಗೆ ಕೈಜೋಡಿಸಿದವರಿಗೆ

ಎರಡೂವರೆ ವರ್ಷ ನನ್ನ ಮೇಜಿನ ಮೇಲೆ ಅರೆಬರೆಯಾಗಿ ಕುಳಿತಿದ್ದ ಗೇಟ್ಸ್ ಸ್ಟಾ-ಲೆವೆಲ್ ಯಂತ್ರದ ಪ್ರತಿರೂಪ ಕಳೆದ ಭಾನುವಾರ ಮೊದಲ ಬಾರಿಗೆ ಇಡೀ ಒಂದು ಗಂಟೆ ಯಾವ ತಕರಾರೂ ಇಲ್ಲದೆ ಓಡಿತು. ಇದು ನನ್ನೊಬ್ಬನ ಕೆಲಸವಲ್ಲವಾದ್ದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿಯಲ್ಲಿದ್ದ ಗೇಟ್ಸ್ ರೇಡಿಯೊ ಕಂಪನಿ 1956ರಲ್ಲಿ ಬಾನುಲಿ ಕೇಂದ್ರಗಳಿಗಾಗಿ ಹೊರತಂದ ಉಪಕರಣವಿದು. ಉದ್ಘೋಷಕರು ಮೈಕಿಗೆ ಹತ್ತಿರ ಬಂದರೂ ದೂರ ಸರಿದರೂ ದನಿ ಒಂದೇ ಹದದಲ್ಲಿ ಟ್ರಾನ್ಸ್‌ಮಿಟರ್ ತಲುಪುವಂತೆ ನೋಡಿಕೊಳ್ಳುವುದು ಇದರ ಕೆಲಸ. ಇದರ ಜೀವವೆಲ್ಲ 6386 ಎಂಬ ಜೋಡಿ ಟ್ರಯೋಡ್ ವಾಲ್ವಿನಲ್ಲಿ, ಅಂದರೆ ದನಿಯನ್ನು ವರ್ಧಿಸುವ ಎರಡು ಘಟಕಗಳಿರುವ ಒಂದು ಗಾಜಿನ ಕೊಳವೆಯಲ್ಲಿದೆ. ಹೊರಹೋಗುವ ದನಿಯ ಒಂದು ಪಾಲನ್ನು ಡಿ.ಸಿ. ವೋಲ್ಟೇಜಾಗಿಸಿ ಆ ವಾಲ್ವಿನ ಗ್ರಿಡ್‌ಗೆ (ಒಳಗಿನ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿಗೆ) ಮರಳಿಸಿದಾಗ, ದನಿ ಏರಿದಷ್ಟೂ ಅದರ ವರ್ಧನೆ ತಾನಾಗಿ ಇಳಿಯುತ್ತದೆ. ಒಂದೇ ಗಾಜಿನೊಳಗಿನ ಎರಡು ಅರ್ಧಗಳೂ ಸಮನಾಗಿ ಇಳಿದರೆ ಆ ವೋಲ್ಟೇಜಿನ ಏರಿಳಿತ ಪರಸ್ಪರ ರದ್ದಾಗಿ ಕಿವಿಗೆ ಬೀಳುವುದಿಲ್ಲ. ಇಳಿಯದಿದ್ದರೆ ಪ್ರತಿ ಗಟ್ಟಿ ಅಕ್ಷರದ ಹಿಂದೆ ‘ದಬ್’ ಎಂಬ ಗುದ್ದು ಕೇಳುತ್ತದೆ. ಆರು ತಿಂಗಳು ನಾನು ಕೇಳಿದ್ದು ಆ ಗುದ್ದನ್ನೇ.

ಅದರಿಂದ ಪಾರು ಮಾಡಿದವರು, ನಾನು ಮೇಷ್ಟ್ರೆಂದೇ ಕರೆಯುವ ನಿವೃತ್ತ ಬಾನುಲಿ ಇಂಜಿನಿಯರ್ ಒಬ್ಬರು. ನಾನು ಎರಡು ಅರ್ಧಗಳನ್ನೂ ಒಂದೇ ಬಯಾಸಿನಲ್ಲಿ, ಅಂದರೆ ಗ್ರಿಡ್ಡಿಗೆ ಒಂದೇ ಸ್ಥಿರ ವೋಲ್ಟೇಜ್ ಕೊಟ್ಟು ಅಳೆದು ಸರಿಯಿದೆ ಎಂದುಕೊಂಡಿದ್ದೆ. "ಸುಮ್ಮನೆ ನಿಂತಾಗ ಜೋಡೆತ್ತು ಸಮನಾಗೇ ಕಾಣುತ್ತೆ ಕಣಯ್ಯ, ನೊಗ ಹೊರಿಸಿ ನೋಡು" ಎಂದ ಅವರು, ಗ್ರಿಡ್ಡಿನ ವೋಲ್ಟೇಜನ್ನು ಹಂತಹಂತವಾಗಿ ಇಳಿಸುತ್ತ ಎಂಟು ಕಡೆ ಕರೆಂಟ್ ಅಳೆದು ಪುಟದ ತುಂಬ ಬರೆದರು. ನಾಲ್ಕನೆಯ ಸಾಲಿನಿಂದಲೇ ಎರಡರ ದಾರಿ ಬೇರೆಯಾಗಿತ್ತು. ಸ್ಲೊವಾಕಿಯಾದ ಜೆಜೆ ಕಂಪನಿ ಈ ವಾಲ್ವನ್ನು ಮತ್ತೆ ತಯಾರಿಸುತ್ತಿರುವುದು ನಮ್ಮಂಥವರ ಪುಣ್ಯ. ಅಂಥ ನಾಲ್ಕನ್ನು ಶಿಕಾಗೊದಿಂದ ಸ್ವೆಟರಿನಲ್ಲಿ ಸುತ್ತಿ ತಂದುಕೊಟ್ಟ ಭಾವನವರಿಗೆ ನಾನು ಋಣಿ; ಅವುಗಳಲ್ಲಿ ಒಂದು ಕೊನೆಯ ಸಾಲಿನವರೆಗೂ ಹೊಂದಿಕೊಂಡಿತು.

ಬೆಂಗಳೂರಿನ ಎಸ್.ಪಿ. ರಸ್ತೆಯ ಹತ್ತಿರ ಟ್ರಾನ್ಸ್‌ಫಾರ್ಮರ್ ಸುತ್ತುವ ಅಣ್ಣನಿಗೂ ವಂದನೆಗಳು. ಮೂಲ ಯಂತ್ರ 60 ಹರ್ಟ್ಸ್‌ನ ಅಮೆರಿಕನ್ ಕರೆಂಟಿಗೆ ಹೊಂದುವಂಥದ್ದು; ನಮ್ಮದು 230 ವೋಲ್ಟ್, 50 ಹರ್ಟ್ಸ್. ಹರ್ಟ್ಸ್ ಇಳಿದರೆ ಟ್ರಾನ್ಸ್‌ಫಾರ್ಮರಿಗೆ ಕಬ್ಬಿಣ ಹೆಚ್ಚು ಬೇಕು. ಬೇರೊಂದೆಡೆ ಮಾಡಿಸಿದ್ದು ಅರ್ಧ ಗಂಟೆಯಲ್ಲೇ ಕೈಯಿಡಲಾರದಷ್ಟು ಕಾಯುತ್ತಿತ್ತು. ಇವರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಕಬ್ಬಿಣ ಸಾಲದು ಸಾರ್" ಎಂದಷ್ಟೇ ಹೇಳಿ, ಸ್ಟ್ಯಾಂಪಿಂಗ್ (ಒಳಗಿನ ಕಬ್ಬಿಣದ ತಗಡು) ಹೆಚ್ಚಿಸಿ ಹೊಸದಾಗಿ ಸುತ್ತಿಕೊಟ್ಟರು.

ಪ್ರತಿ ರಾತ್ರಿ ಮಲಗುವ ಮುನ್ನ "ಕೆಪಾಸಿಟರ್ ಖಾಲಿ ಮಾಡಿದ್ರಾ?" ಎಂದು ತಪ್ಪದೆ ಕೇಳಿದ ನನ್ನ ಹೆಂಡತಿಗೆ ಏನು ಹೇಳಲಿ? ಸ್ವಿಚ್ ಆರಿಸಿದ ಮೇಲೂ ಅವುಗಳಲ್ಲಿ 300 ವೋಲ್ಟ್ ಉಳಿದಿರಬಹುದೆಂದು ಒಮ್ಮೆ ಹೇಳಿದ್ದನ್ನು ಅವಳು ಮರೆಯಲೇ ಇಲ್ಲ.

ಭಾನುವಾರ ಮೇಷ್ಟ್ರೇ ಮೈಕಿನ ಮುಂದೆ ಕುಳಿತು ಅಂದಿನ ಪತ್ರಿಕೆ ಓದಿದರು. ಬೇಕೆಂದೇ ಒಮ್ಮೆ ಮುಂದೆ ಬಾಗಿದರು, ಒಮ್ಮೆ ಕುರ್ಚಿಗೆ ಒರಗಿದರು. ಮೀಟರಿನ ಮುಳ್ಳು ಎಡಕ್ಕೆ ವಾಲಿ ನಿಧಾನವಾಗಿ ಮರಳುತ್ತಿತ್ತು, ಹೆಡ್‌ಫೋನಿನಲ್ಲಿ ದನಿ ಮಾತ್ರ ಇದ್ದಲ್ಲೇ ಇತ್ತು. ಅವರ ಕೈಬರಹದ ಅಳತೆಯ ಪುಟವನ್ನೂ ಟ್ರಾನ್ಸ್‌ಫಾರ್ಮರ್ ಅಣ್ಣನ ವೈಂಡಿಂಗ್ ವಿವರವನ್ನೂ ಅವರಿಬ್ಬರ ಒಪ್ಪಿಗೆ ಪಡೆದು ನಕಲು ಮಾಡಿಸಿಟ್ಟಿದ್ದೇನೆ. ಇದನ್ನು ಕಟ್ಟಲು ಹೊರಟವರು ಕೇಳಿದರೆ ಸಂತೋಷದಿಂದ ಕೊಡುತ್ತೇನೆ.