ಫ್ರೇಮ್ ವಿಷಯವಾಗಿ ನಮ್ಮ ಗ್ರಾಹಕರಿಗೆ

ಆತ್ಮೀಯರೇ, ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಸೈನಿಕರನ್ನು ತೋರಿಸುವ ಹಳೆಯ ಬಣ್ಣದ ಅಚ್ಚುಚಿತ್ರಗಳನ್ನು (ಪ್ರಿಂಟ್) ನಾವು ಫ್ರೇಮ್ ಹಾಕಿ ಮಾರುವುದಿಲ್ಲ. ಕಾಗದವನ್ನು ಕಂದಾಗಿಸದ, ಆಸಿಡ್ ಇಲ್ಲದ ಬೋರ್ಡಿನಲ್ಲಿಟ್ಟು, ಹಿಂಬದಿಯನ್ನೂ ತಿರುಗಿಸಿ ನೋಡುವಂತೆ ಕೊಡುತ್ತೇವೆ. ಜೊತೆಗೊಂದು ಚೀಟಿ ಇರುತ್ತದೆ: ಯಾವ ಬಗೆಯ ಅಚ್ಚು, ಬಣ್ಣ ಆ ಕಾಲದ್ದೋ ಆಮೇಲೆ ಹಾಕಿದ್ದೋ, ಎಲ್ಲಿ ತೇಪೆ ಇದೆ.

ಫ್ರೇಮ್ ಹೋದರೂ ಬೆಲೆ ಯಾಕೆ ಇಳಿಯಲಿಲ್ಲ ಎಂದು ಆಗಲೇ ಫೋನ್‌ಗಳು ಬಂದಿವೆ. ಫ್ರೇಮಿನಲ್ಲಿ ನಾವು ಲಾಭ ಇಟ್ಟುಕೊಂಡವರೇ ಅಲ್ಲ. ಈ ಬೋರ್ಡು ಮಾಮೂಲಿ ಬೋರ್ಡಿಗಿಂತ ಬಹಳ ದುಬಾರಿ. ನಮ್ಮ ಅಚ್ಚುಗಳಲ್ಲಿ ಹೆಚ್ಚಿನವು ಲಂಡನ್ನಿನಿಂದ ಬರುತ್ತವೆ. ಪೌಂಡಿನ ದರ, ಹರಾಜಿನವರ ಕಮಿಷನ್, ಕೊರಿಯರ್, ಸುಂಕ, ಇವುಗಳಲ್ಲಿ ಒಂದು ರೂಪಾಯಿಯೂ ನಮ್ಮ ಗಲ್ಲಾಪೆಟ್ಟಿಗೆಗೆ ಬೀಳುವುದಿಲ್ಲ. ಮಾತು ಕೇಳುವವರು ಮಾತ್ರ ನಾವೇ.

ತಪ್ಪು ನಮ್ಮಿಂದಲೂ ಆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಹಿಂದೆ ನಾವೇ ಹಾರ್ಡ್‌ಬೋರ್ಡ್ ಮತ್ತು ಸಾದಾ ಗಾಜು ಹಾಕಿ ಕೊಟ್ಟ ಒಂದು ಚಿತ್ರ ಈ ಮಳೆಗಾಲದಲ್ಲಿ ವಾಪಸ್ ಬಂತು. ಸಿಪಾಯಿಯ ಕೆಂಪು ಕೋಟು ಬಿಸಿಲಿಗೆ ಮಾಸಿ ತೆಳು ಗುಲಾಬಿಯಾಗಿತ್ತು. ಬೋರ್ಡಿನ ಅಂಚು ತಾಗಿದಷ್ಟು ಉದ್ದಕ್ಕೂ ಕಾಗದದ ಮೇಲೆ ಕಂದು ಗೆರೆ. ನೋಡಿ ಹೊಟ್ಟೆ ಉರಿಯಿತು. ಹೋದ ಬಣ್ಣ ಮರಳುವುದಿಲ್ಲ. ಆ ಮನೆಯವರಲ್ಲಿ ಕ್ಷಮೆ ಕೇಳಿದ್ದೇವೆ, ನಿಮ್ಮಲ್ಲೂ ಕೇಳುತ್ತೇವೆ. ನಮ್ಮಲ್ಲಿ ಫ್ರೇಮ್ ಹಾಕಿಸಿದ ಯಾವ ಚಿತ್ರವನ್ನಾದರೂ ತನ್ನಿ, ಬಿಚ್ಚಿ ಹೊಸ ಬೋರ್ಡಿಗೆ ಹಾಕಿಕೊಡುತ್ತೇವೆ. ಹಣ ಬೇಡ.

ಇನ್ನು ಪದೇಪದೇ ಕೇಳಿಬರುವ ದೂರು: “ಭೂತಗನ್ನಡಿಯಲ್ಲಿ ಚುಕ್ಕಿ ಕಾಣುತ್ತದೆ, ಇದು ಕಲರ್ ಜೆರಾಕ್ಸ್.” ದಯವಿಟ್ಟು ಗಮನವಿಟ್ಟು ಓದಿ. ಚುಕ್ಕಿ ಕಂಡ ಮಾತ್ರಕ್ಕೆ ನಕಲಲ್ಲ. ಬ್ರಿಟಿಷ್ ಸೇನಾಧಿಕಾರಿ ಲೊವೆಟ್ ಬರೆದ ಭಾರತೀಯ ಸೇನೆಯ 72 ಚಿತ್ರಗಳು 1911ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದಾಗಲೇ ಮೂರು ಬಣ್ಣದ ಹಾಫ್‌ಟೋನಿನಲ್ಲಿ, ಅಂದರೆ ಸಾಲುಚುಕ್ಕಿಗಳಿಂದ ಚಿತ್ರ ಮೂಡಿಸುವ ವಿಧಾನದಲ್ಲಿ, ಅಚ್ಚಾದವು. ಸಿಖ್ ಸಿಪಾಯಿಯ ಪೇಟವನ್ನು ಹಿಗ್ಗಿಸಿ ನೋಡಿದರೆ ಹಳದಿ, ಕೆಂಪು, ನೀಲಿ ಚುಕ್ಕಿಗಳು ಸಾಲುಗಟ್ಟಿ ಕಾಣಲೇಬೇಕು. 1899ರ ‘ವ್ಯಾನಿಟಿ ಫೇರ್’ ಪತ್ರಿಕೆಯ ಬ್ರಿಟಿಷ್ ಸೇನಾನಿ ಕಿಚನರ್ ಚಿತ್ರ ಕಲ್ಲಚ್ಚು (ಲಿಥೋಗ್ರಾಫ್). ಅದರಲ್ಲೂ ಚುಕ್ಕಿ ಉಂಟು, ಆದರೆ ಕೈಯಲ್ಲಿ ಇಟ್ಟದ್ದರಿಂದ ಸಾಲು ಇರುವುದಿಲ್ಲ. 1840ರ ದಶಕದಲ್ಲಿ ಲಂಡನ್ನಿನ ಪ್ರಕಾಶಕರಾದ ಆಕರ್‌ಮನ್ನರು ಹೊರತಂದ, ಕಲಾವಿದ ಮಾರ್ಟೆನ್ಸ್ ಬರೆದ ಚಿತ್ರಗಳು ಅಕ್ವಾಟಿಂಟ್ (ಲೋಹದ ತಗಡನ್ನು ಆಸಿಡ್‌ನಿಂದ ತರಿತರಿಯಾಗಿ ಕೊರೆದು ಅಚ್ಚು ತೆಗೆಯುವ) ವಿಧಾನದವು, ಮೇಲೆ ಕೈಬಣ್ಣ. ಅವುಗಳಲ್ಲಿ ಕಾಣುವುದು ಸಣ್ಣ ಮರಳಿನಂಥ ತರಿ. ಬಣ್ಣ ಅಲ್ಲಲ್ಲಿ ಗೆರೆ ದಾಟಿ ಹರಿದಿರುತ್ತದೆ. ಇಂಥದ್ದರಲ್ಲಿ ಸಾಲುಚುಕ್ಕಿ ಕಂಡರೆ ಮಾತ್ರ ಅನುಮಾನಪಡಿ, ನಮ್ಮಲ್ಲಿ ಕೊಂಡದ್ದಾದರೂ ಸರಿ, ಪೂರ್ತಿ ಹಣ ವಾಪಸ್. ಗಾಜಿನ ಹಿಂದೆ ಇದೆಲ್ಲ ಸರಿಯಾಗಿ ಕಾಣುತ್ತಿರಲಿಲ್ಲ, ಅನುಮಾನ ಹುಟ್ಟಿದ್ದೂ ಅಲ್ಲೇ.

ಟಿಪ್ಪು, ಶ್ರೀರಂಗಪಟ್ಟಣದ ಅಚ್ಚು ಕೇಳುವವರಿಗೆ ಒಂದು ಮಾತು. 1800ರ ಆಸುಪಾಸಿನ ಆ ಚಿತ್ರಗಳಲ್ಲಿ ಎಷ್ಟೋ ಹೊರಬಂದದ್ದೇ ಬಣ್ಣವಿಲ್ಲದೆ. ಬಣ್ಣ ಆಮೇಲಿನದಾದರೆ ಚೀಟಿಯಲ್ಲಿ ಹಾಗೇ ಬರೆಯುತ್ತೇವೆ, ಬೆಲೆಯೂ ಅದಕ್ಕೆ ತಕ್ಕಂತೆ ಕಡಿಮೆ ಇರುತ್ತದೆ.

ಹೊರದೇಶದಲ್ಲಿರುವ ಮಕ್ಕಳಿಗೆ ಕಳಿಸಿಕೊಡಿ ಎನ್ನಬೇಡಿ. ಪುರಾತನ ವಸ್ತುಗಳ ಬಗೆಗಿನ 1972ರ ಕಾಯ್ದೆಯಂತೆ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ.

ಕಿಟಕಿಯ ಪಕ್ಕದ ಮೇಜನ್ನು ಖಾಲಿ ಮಾಡಿಸಿದ್ದೇವೆ. ಭೂತಗನ್ನಡಿ ಅಲ್ಲೇ ಇದೆ. ಕೊಳ್ಳದಿದ್ದರೂ ಪರವಾಗಿಲ್ಲ, ಕೈ ತೊಳೆದು ಒರೆಸಿಕೊಂಡು ಬಂದು ಕೂತು ನೋಡಿ.

ನಿಮ್ಮ ವಿಶ್ವಾಸಿ,
ಅಂಗಡಿಯ ಪರವಾಗಿ