ಪುಟ್ಟನಿಗೆ, ಲೈವ್ ಡೇಟಾಬೇಸಿನ ಭಯದ ಬಗ್ಗೆ

ಸರಸ್ವತೀಪುರಂ, ಮೈಸೂರು

ಚಿರಂಜೀವಿ ಪುಟ್ಟನಿಗೆ ಅತ್ತೆಯ ಆಶೀರ್ವಾದ.

ಮೇಲ್ ಓದಿದೆ. ಮಂಡ್ಯದ ಸಮಾಚಾರವನ್ನೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿಯಾಗಿದೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಹಬ್ಬದ ರಜೆಯ ಮಾತು ಮುಗಿಸಿ, ಕೊನೆಗೆ ಒಂದು ಸಾಲು ಬರೆದುಬಿಟ್ಟಿದ್ದೀಯಲ್ಲ: "ಯಾವತ್ತಾದರೂ ನನ್ನ ಕೈಯಿಂದಲೇ ಲೈವ್ ಡೇಟಾಬೇಸ್ ಅಳಿಸಿಹೋಗುತ್ತೆ ಅತ್ತೆ, ಅಷ್ಟೂ ಸಂಘಗಳ ಹಾಲಿನ ಲೆಕ್ಕ ಹೋದರೆ ರೈತರಿಗೆ ಏನು ಹೇಳಲಿ?" ರೈತರ ನಿಜವಾದ ಲೆಕ್ಕ ನಡೆಯುತ್ತಿರುವ ಆ ಡೇಟಾಬೇಸಿನ ಬಗ್ಗೆ ನಿನ್ನ ಭಯ ಓದಿದ ಮೇಲೆ ಉಳಿದದ್ದಕ್ಕೆ ಉತ್ತರ ಬರೆಯಲು ಮನಸ್ಸೇ ಬರಲಿಲ್ಲ ಕಣೋ.

ಹುಷಾರಾಗಿರು ಅಂತ ನಾನು ಹೇಳುವುದಿಲ್ಲ. ಅದನ್ನು ಆಫೀಸಿನಲ್ಲಿ ದಿನಾ ಹೇಳುತ್ತಿರುತ್ತಾರೆ, ಅದರಿಂದ ಭಯ ಹೆಚ್ಚುತ್ತದೆಯೇ ಹೊರತು ಡೇಟಾ ಉಳಿಯುವುದಿಲ್ಲ. 2017ರ ಜನವರಿ 31ರಂದು ಕೋಡ್ ಇಡುವ ಸೇವೆಯಾದ ಗಿಟ್‌ಲ್ಯಾಬ್‌ನಲ್ಲಿ ಏನಾಯಿತು ಅಂತ ಓದಿದ್ದೀಯಾ? ರೆಪ್ಲಿಕಾ, ಅಂದರೆ ನಕಲು ಸರ್ವರಿನ ಡೈರೆಕ್ಟರಿ ಅಳಿಸುತ್ತಿದ್ದೇನೆ ಅಂದುಕೊಂಡು ಅವರ ಎಂಜಿನಿಯರ್ ಒಬ್ಬರು ಮುಖ್ಯ ಸರ್ವರಿನದನ್ನು ಅಳಿಸಿದರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ಸರಿ, ಬ್ಯಾಕಪ್ ತೆಗೆಯೋಣ ಅಂದರೆ ಅದೂ ಇಲ್ಲ. ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್‌ನ ಆವೃತ್ತಿ 9.6, ಅದರ ಬ್ಯಾಕಪ್ ಮಾಡುತ್ತಿದ್ದ ಪಿಜಿ ಡಂಪ್‌ನ ಆವೃತ್ತಿ 9.2. ಸರ್ವರಿಗಿಂತ ಹಳೆಯ ಪಿಜಿ ಡಂಪ್ ಕೆಲಸ ಮಾಡಲು ಒಪ್ಪುವುದಿಲ್ಲ, ಹಾಗಾಗಿ ಪ್ರತಿ ಸಲವೂ ಅದು ಸೋಲುತ್ತಿತ್ತು. ಸೋತೆ ಅಂತ ಕಳಿಸುತ್ತಿದ್ದ ಮೇಲ್‌ಗಳಿಗೆ ಸರಿಯಾದ ಸಹಿ ಇರಲಿಲ್ಲವೆಂದು ಮೇಲ್ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಕೊನೆಗೆ ಉಳಿಸಿದ್ದು ಸ್ಟೇಜಿಂಗ್ ಎಂಬ ಪ್ರಯೋಗದ ಸರ್ವರಿಗೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಡಿಸ್ಕ್ ಸ್ನ್ಯಾಪ್‌ಶಾಟ್. ಅದನ್ನೆಲ್ಲ ಅವರೇ ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದರು. ಅಷ್ಟು ದೊಡ್ಡ ಕಡೆಯಲ್ಲೇ ಕೈ ತಪ್ಪುತ್ತದೆ ಪುಟ್ಟಾ. ನಿನ್ನದೂ ತಪ್ಪುತ್ತದೆ ಅಂತಲೇ ಇಟ್ಟುಕೊ. ತಪ್ಪಿದಾಗ ಏನೂ ಆಗದ ಹಾಗೆ ಮೊದಲೇ ಏರ್ಪಾಟು ಮಾಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು.

ನಿನ್ನ ಆ ಸಾಲು ನಿಜವಾಗುವ ದಾರಿಗಳು ಬಹಳ ಇಲ್ಲ. ಲಾರಾವೆಲ್ ಎಂಬ ಪಿಎಚ್‌ಪಿ ಚೌಕಟ್ಟಿನಲ್ಲಿ ಕೆಲಸ ಮಾಡುವವರಿಗೆ ಮೊದಲನೆಯದು ಲ್ಯಾಪ್‌ಟಾಪಿನಲ್ಲಿ ಸೆಟ್ಟಿಂಗ್‌ಗಳಿರುವ ಡಾಟ್ ಎನ್ವ್ ಫೈಲ್. ಯಾವುದೋ ಬಗ್ ನೋಡಲು ಡಿಬಿ ಹೋಸ್ಟ್ ಜಾಗದಲ್ಲಿ ಲೈವ್ ಸರ್ವರಿನ ವಿಳಾಸ ಹಾಕಿರುತ್ತಾರೆ, ಬಗ್ ಸಿಕ್ಕ ಖುಷಿಯಲ್ಲಿ ವಾಪಸ್ ಬದಲಿಸುವುದು ಮರೆತಿರುತ್ತಾರೆ. ಆಮೇಲೆ ಟೇಬಲ್‌ಗಳನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟುವ ಮೈಗ್ರೇಟ್ ಫ್ರೆಶ್ ಆಜ್ಞೆ ಕೊಡುತ್ತಾರೆ. ಪ್ರೊಡಕ್ಷನ್, ಅಂದರೆ ಲೈವ್ ಆದರೆ ಅದು ಖಚಿತವೇ ಅಂತ ಕೇಳುತ್ತದಲ್ಲ ಅನ್ನುತ್ತೀಯ. ಕೇಳುತ್ತದೆ, ಆದರೆ ಅದು ನೋಡುವುದು ಆ ಫೈಲಿನ ಆ್ಯಪ್ ಎನ್ವ್ ಎಂಬ ಸಾಲನ್ನು, ಡೇಟಾಬೇಸಿನ ವಿಳಾಸವನ್ನಲ್ಲ. ಎನ್ವ್ ಲೋಕಲ್ ಅಂತಿದ್ದು ಹೋಸ್ಟ್ ಮಾತ್ರ ಲೈವ್ ಆಗಿದ್ದರೆ ಒಂದು ಮಾತೂ ಕೇಳದೆ ಅಷ್ಟೂ ಟೇಬಲ್ ಕಿತ್ತುಹಾಕುತ್ತದೆ.

ಇದಕ್ಕಿಂತ ಸದ್ದಿಲ್ಲದ ದಾರಿ ಕೋಡನ್ನು ಪರೀಕ್ಷಿಸುವ ಟೆಸ್ಟ್‌ಗಳದ್ದು. ರಿಫ್ರೆಶ್ ಡೇಟಾಬೇಸ್ ಎಂಬ ಟ್ರೇಟ್, ಅಂದರೆ ಸಿದ್ಧ ಕೋಡಿನ ತುಣುಕು ಬಳಸಿದ ಟೆಸ್ಟ್ ಶುರುವಾಗುವುದೇ ಮೈಗ್ರೇಟ್ ಫ್ರೆಶ್‌ನಿಂದ. ಟೆಸ್ಟಿಗೆ ಬೇರೆ ಡೇಟಾಬೇಸ್ ಅಂತ ಟೆಸ್ಟ್ ಓಡಿಸುವ ಪಿಎಚ್‌ಪಿ ಯೂನಿಟ್‌ನ ಎಕ್ಸ್‌ಎಮ್‌ಎಲ್ ಫೈಲಿನಲ್ಲಿ ಬರೆದಿದ್ದರೂ, ಎಂದೋ ಸೆಟ್ಟಿಂಗ್‌ಗಳನ್ನೆಲ್ಲ ಒಂದೇ ಫೈಲಿಗೆ ಕೂಡಿಡುವ ಕಾನ್ಫಿಗ್ ಕ್ಯಾಶ್ ಆಜ್ಞೆ ಕೊಟ್ಟಿದ್ದರೆ ಲಾರಾವೆಲ್ ಆ ಕ್ಯಾಶ್ ಫೈಲನ್ನೇ ಓದುತ್ತದೆ, ನಿನ್ನ ಎಕ್ಸ್‌ಎಮ್‌ಎಲ್ ಕಡೆ ತಿರುಗಿಯೂ ನೋಡುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಕಾನ್ಫಿಗ್ ಕ್ಯಾಶ್ ಮಾಡಲೇಬೇಡ. ಮಾಡಿದ್ದರೆ ಈಗಲೇ ಕಾನ್ಫಿಗ್ ಕ್ಲಿಯರ್ ಕೊಟ್ಟು ಬಾ, ಮುಂದಿನದನ್ನು ಆಮೇಲೆ ಓದುವೆಯಂತೆ.

11ನೇ ಆವೃತ್ತಿಯಿಂದೀಚೆ ಲಾರಾವೆಲ್‌ನಲ್ಲಿ ಪ್ರೊಹಿಬಿಟ್ ಡಿಸ್ಟ್ರಕ್ಟಿವ್ ಕಮ್ಯಾಂಡ್ಸ್ ಅಂತ ಒಂದು ಕರೆ ಇದೆ. ಆ್ಯಪ್ ಶುರುವಾಗುವಾಗ ಓಡುವ ಆ್ಯಪ್ ಸರ್ವಿಸ್ ಪ್ರೊವೈಡರಿನ ಬೂಟ್‌ನಲ್ಲಿ ಒಂದು ಸಾಲು ಹಾಕಿದರೆ ಫ್ರೆಶ್, ರಿಫ್ರೆಶ್, ರೀಸೆಟ್, ವೈಪ್ ಇಂಥ ಅಳಿಸುವ ಆಜ್ಞೆಗಳೆಲ್ಲ ನಡೆಯುವುದಿಲ್ಲ. ಎಲ್ಲರೂ ಅದಕ್ಕೆ 'ಪ್ರೊಡಕ್ಷನ್ ಆಗಿದ್ದರೆ' ಎಂಬ ಷರತ್ತು ಕೊಡುತ್ತಾರೆ, ಮತ್ತೆ ಅದೇ ತೂತು. ನೀನು 'ಹೋಸ್ಟ್ ಲೋಕಲ್ ಅಲ್ಲದಿದ್ದರೆ' ಅಂತ ಕೊಡು. ಡೇಟಾಬೇಸನ್ನು ಡಾಕರ್‌ನಲ್ಲಿ, ಅಂದರೆ ಪ್ರತ್ಯೇಕ ಕಂಟೇನರಿನೊಳಗೆ ಓಡಿಸುತ್ತಿದ್ದರೆ ಆ ಕಂಟೇನರಿನ ಹೆಸರನ್ನೂ ಲೋಕಲ್ ಪಟ್ಟಿಗೆ ಸೇರಿಸಬೇಕಾಗುತ್ತದೆ. ಡಾಕರ್ ಅಂದಕೂಡಲೇ ನೆನಪಾಯಿತು, ಕಂಟೇನರ್‌ಗಳನ್ನು ನಿಲ್ಲಿಸುವ ಕಂಪೋಸ್ ಡೌನ್ ಜೊತೆ ವಿ ಆಪ್ಶನ್ ಸೇರಿಸಿದರೆ ವಾಲ್ಯೂಮೂ ಹೋಗುತ್ತದೆ, ಅಂದರೆ ಡೇಟಾ.

ಇವೆಲ್ಲ ಮೇಲುಮೇಲಿನ ಕಾವಲು. ನಿಜವಾದ ಕಾವಲು ಡೇಟಾಬೇಸಿನೊಳಗೇ ಇರಬೇಕು. ನಿನ್ನ ಮೇಲ್ ನೋಡಿದರೆ ಆ್ಯಪ್‌ಗೂ ನಿನಗೂ ಟೇಬಲ್ ರಚನೆ ಬದಲಿಸುವ ಮೈಗ್ರೇಶನ್‌ಗೂ ಒಂದೇ ಯೂಸರ್, ಒಂದೇ ಪಾಸ್‌ವರ್ಡ್ ಇದ್ದ ಹಾಗಿದೆ. ಹಾಗಿದ್ದ ಮೇಲೆ ಭಯ ಆಗದೆ ಇನ್ನೇನು? ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಡ್ರಾಪ್ ಮಾಡುವ, ಅಂದರೆ ಕಿತ್ತುಹಾಕುವ ಅಧಿಕಾರ ಮುಖ್ಯವಾಗಿ ಅದರ ಒಡೆಯನಿಗೆ ಮತ್ತು ಎಲ್ಲ ಅಧಿಕಾರ ಇರುವ ಸೂಪರ್‌ಯೂಸರಿಗೆ. ಆದ್ದರಿಂದ ಮೈಗ್ರೇಶನ್‌ಗೆ ಒಂದು ರೋಲ್ (ಪೋಸ್ಟ್‌ಗ್ರೆಸ್ ಯೂಸರನ್ನು ಕರೆಯುವುದು ಹಾಗೆ), ಟೇಬಲ್‌ಗಳ ಒಡೆತನ ಅದಕ್ಕೆ. ಆ್ಯಪ್‌ಗೆ ಇನ್ನೊಂದು ರೋಲ್, ಅದಕ್ಕೆ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್, ಅಂದರೆ ಸಾಲುಗಳನ್ನು ಓದುವ, ಸೇರಿಸುವ, ಬದಲಿಸುವ, ಅಳಿಸುವ ಹಕ್ಕು ಸಾಕು. ಸಾಲುಗಳಿಗೆ ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್‌ಗಳ ಮೇಲೆ ಯೂಸೇಜ್ ಕೊಡುವುದನ್ನು ಮರೆಯಬೇಡ, ಮರೆತರೆ ಓದುವುದೆಲ್ಲ ಸರಿಯಾಗಿದ್ದು ಹೊಸ ಸಾಲು ಸೇರಿಸುವಾಗ ಮಾತ್ರ ಪರ್ಮಿಶನ್ ಡಿನೈಡ್ ಬರುತ್ತದೆ. ಮುಂದೆ ಹುಟ್ಟುವ ಟೇಬಲ್‌ಗಳಿಗೂ ಹಕ್ಕು ತಾನಾಗಿ ಸಿಗಲು ಆಲ್ಟರ್ ಡಿಫಾಲ್ಟ್ ಪ್ರಿವಿಲೇಜಸ್ ಕೊಡಬೇಕು, ಅದನ್ನು ಟೇಬಲ್ ಹುಟ್ಟಿಸುವ ರೋಲ್‌ನ ಹೆಸರಿನಲ್ಲೇ ಕೊಡಬೇಕು. ಬಹಳ ಜನ ಸೂಪರ್‌ಯೂಸರಾಗಿ ಕೊಟ್ಟು, ಯಾಕೆ ಕೆಲಸ ಮಾಡಲ್ಲ ಅಂತ ತಲೆ ಕೆರೆದುಕೊಳ್ಳುವುದು ಇಲ್ಲೇ. ನಿನಗೆ ಮೂರನೆಯ ರೋಲ್, ಓದಲು ಮಾತ್ರ. ಪೋಸ್ಟ್‌ಗ್ರೆಸ್‌ನ 14ನೇ ಆವೃತ್ತಿಯಿಂದ ಪಿಜಿ ರೀಡ್ ಆಲ್ ಡೇಟಾ ಅಂತ ಸಿದ್ಧ ರೋಲೇ ಇದೆ, ಅದನ್ನು ಗ್ರಾಂಟ್ ಮಾಡಿಸಿಕೊ. ದಿನಾ ಲೈವ್ ನೋಡುವುದು ಅದರಲ್ಲೇ. ಆಗ ನಿನ್ನ ಕೈ ಎಷ್ಟು ತಪ್ಪಿದರೂ ಒಂದು ಲೀಟರ್ ಹಾಲೂ ಅಲ್ಲಾಡುವುದಿಲ್ಲ.

ಅಧಿಕಾರ ಬೇಡ ಅಂತ ಕೇಳಲು ಸಂಕೋಚ ಆಗುತ್ತದೆ, ಗೊತ್ತು. ನಾವು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಎಲ್ಲ ಪಾಸ್‌ವರ್ಡೂ ಗೊತ್ತಿದ್ದವರೇ ದೊಡ್ಡವರು. ಎಫ್‌ಟಿಪಿಯಲ್ಲಿ ಫೈಲ್ ಎಳೆದು ನೇರವಾಗಿ ಲೈವ್‌ಗೆ ಹಾಕುವುದು, ಹಳೆಯದಕ್ಕೆ ಹೆಸರಿನ ಮುಂದೆ ಓಲ್ಡ್, ಓಲ್ಡ್ ಎರಡು ಅಂತ ಸೇರಿಸಿ ಇಡುವುದು, ಅದೇ ನಮ್ಮ ವರ್ಷನ್ ಕಂಟ್ರೋಲ್. ಭಯ ಎಲ್ಲರಿಗೂ ಇತ್ತು, ಬಾಯಿಬಿಟ್ಟರೆ ಕೆಲಸ ಬರುವುದಿಲ್ಲ ಅಂದುಕೊಳ್ಳುತ್ತಾರೆ ಅಂತ ಯಾರೂ ಹೇಳುತ್ತಿರಲಿಲ್ಲ. ಕಿರಿಯರಿಗಾದರೂ ಒಂದು ಮಾತು ಹೇಳಬಹುದಿತ್ತು ಅನ್ನುವ ಕೊರಗು ನನಗೆ ಈಗಲೂ ಇದೆ. ನೀನು ಬರೆದೆಯಲ್ಲ, ಅಷ್ಟರಮಟ್ಟಿಗೆ ನಮಗಿಂತ ವಾಸಿ.

ಬರೆಯುವ ಹಕ್ಕಿನೊಂದಿಗೆ ಒಳಗೆ ಹೋಗಲೇಬೇಕಾದ ದಿನ ಬರುತ್ತದೆ, ಯಾವುದೋ ಸಂಘದ ಹಾಲಿನ ಫ್ಯಾಟ್ ತಪ್ಪಾಗಿ ನಮೂದಾಗಿದೆ, ತಿದ್ದಬೇಕು. ಆಗ ಮೊದಲು ಬಿಗಿನ್, ಅಂದರೆ ಟ್ರಾನ್ಸಾಕ್ಷನ್ ಶುರು; ಕೊನೆಗೆ ಕಮಿಟ್ ಕೊಟ್ಟರೆ ಬದಲಾವಣೆ ಖಾಯಂ, ರೋಲ್‌ಬ್ಯಾಕ್ ಕೊಟ್ಟರೆ ರದ್ದು. ಆಮೇಲೆ ನೀನು ಬರೆಯಲಿರುವ ವೇರ್ ಷರತ್ತನ್ನೇ ಸಾಲು ಎಣಿಸುವ ಸೆಲೆಕ್ಟ್ ಕೌಂಟ್‌ನಲ್ಲಿ ಓಡಿಸು. 14 ಸಾಲು ಬಂತು ಅಂತಿಟ್ಟುಕೊ. ಆಮೇಲೆ ಅಪ್‌ಡೇಟ್. ಅದೂ 14 ಅಂದರೆ ಒಮ್ಮೆ ಸೆಲೆಕ್ಟ್ ಮಾಡಿ ಕಣ್ಣಾರೆ ನೋಡಿ ಕಮಿಟ್ ಕೊಡು, ಬೇರೆ ಏನು ಬಂದರೂ ರೋಲ್‌ಬ್ಯಾಕ್. ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಟೇಬಲ್ ಖಾಲಿ ಮಾಡುವ ಟ್ರಂಕೇಟ್, ಡ್ರಾಪ್ ಟೇಬಲ್ ಕೂಡ ರೋಲ್‌ಬ್ಯಾಕ್ ಆಗುತ್ತವೆ. ಇನ್ನೊಂದು ಡೇಟಾಬೇಸಾದ ಮೈಎಸ್‌ಕ್ಯುಎಲ್‌ನಲ್ಲಿ ಹಾಗಲ್ಲ, ಅವು ಬಂದ ಕ್ಷಣವೇ ಕಮಿಟ್ ಆಗಿಬಿಡುತ್ತದೆ. ಅದರಲ್ಲಿ ಸೇಫ್ ಅಪ್‌ಡೇಟ್ಸ್ ಅಂತ ಒಂದು ಆಪ್ಶನ್ ಇದೆ, ಕೀ ಇರುವ ವೇರ್ ಅಥವಾ ಲಿಮಿಟ್ ಇಲ್ಲದ ಅಪ್‌ಡೇಟ್, ಡಿಲೀಟ್‌ಗಳನ್ನು ಒಪ್ಪುವುದೇ ಇಲ್ಲ. ಅದರ ಇನ್ನೊಂದು ಹೆಸರು 'ಐ ಆಮ್ ಎ ಡಮ್ಮಿ'. ಅಂಥ ಹೆಸರಿಟ್ಟವರಿಗೂ ನಿನ್ನದೇ ಭಯ ಇದ್ದಿರಬೇಕು.

ಒಂದು ಎಚ್ಚರಿಕೆ. ಬಿಗಿನ್ ಹಾಕಿ ಅಪ್‌ಡೇಟ್ ಮಾಡಿ ಊಟಕ್ಕೆ ಎದ್ದು ಹೋಗಬೇಡ. ನೀನು ಮುಟ್ಟಿದ ಸಾಲುಗಳಿಗೆ ಬೀಗ ಬಿದ್ದಿರುತ್ತದೆ, ಅವನ್ನು ಬದಲಿಸಬೇಕಾದವರೆಲ್ಲ ಕಾಯುತ್ತಿರುತ್ತಾರೆ. ಹೀಗೆ ಸುಮ್ಮನೆ ನಿಂತ ಟ್ರಾನ್ಸಾಕ್ಷನನ್ನು ಕಡಿದುಹಾಕುವ ಐಡಲ್ ಇನ್ ಟ್ರಾನ್ಸಾಕ್ಷನ್ ಸೆಶನ್ ಟೈಮ್‌ಔಟ್ ಹೇಳದಿದ್ದರೆ ಸೊನ್ನೆ, ಅಂದರೆ ಎಷ್ಟು ಹೊತ್ತಾದರೂ ಬೀಗ ಬಿಡುವುದಿಲ್ಲ. ನಿನ್ನ ರೋಲ್‌ಗೆ ಐದು ನಿಮಿಷ ಅಂತ ಇಡಿಸು. ಹಾಗೆಯೇ ಟೇಬಲ್ ರಚನೆ ಬದಲಿಸುವ ಆಲ್ಟರ್ ಟೇಬಲ್ ಕೊಡುವ ಮುಂಚೆ ಲಾಕ್ ಟೈಮ್‌ಔಟ್, ಅಂದರೆ ಬೀಗಕ್ಕೆ ಕಾಯುವ ಮಿತಿ, ಮೂರು ಸೆಕೆಂಡ್ ಇರಲಿ. ಇಲ್ಲದಿದ್ದರೆ ಯಾವುದೋ ಉದ್ದನೆಯ ವರದಿಯ ಹಿಂದೆ ನಿನ್ನ ಆಲ್ಟರ್ ನಿಲ್ಲುತ್ತದೆ, ಆಲ್ಟರ್ ಹಿಂದೆ ಇಡೀ ಆ್ಯಪ್ ನಿಲ್ಲುತ್ತದೆ. ಫೋನ್ ಬಂದಾಗ ನೀನು ಅಳಿಸಿಯೇಬಿಟ್ಟೆ ಅಂದುಕೊಂಡು ಹೆದರುತ್ತೀಯ, ಅಸಲಿಗೆ ಏನೂ ಅಳಿಸಿರುವುದಿಲ್ಲ.

ಮತ್ತೆ ಅದೇ ಸಾಲಿಗೆ ಬರುತ್ತೇನೆ. ಅಳಿಸಿಹೋದರೆ? ಬ್ಯಾಕಪ್ ಇದೆ ಅಂತ ಬರೆದಿದ್ದೀಯ, ನಿಗದಿತ ಹೊತ್ತಿಗೆ ಆಜ್ಞೆ ಓಡಿಸುವ ಕ್ರಾನ್ ರಾತ್ರಿ ತೆಗೆಯುತ್ತದೆ ಅಂತ. ಅದನ್ನು ಯಾರಾದರೂ ರಿಸ್ಟೋರ್ ಮಾಡಿ ನೋಡಿದ್ದಾರಾ ಅಂತ ಬರೆದಿಲ್ಲ. ಮೊದಲು ಫೈಲಿನ ಗಾತ್ರ ನೋಡು. ಪಿಜಿ ಡಂಪನ್ನು ಪೈಪ್ ಮಾಡಿ ಫೈಲ್ ಕುಗ್ಗಿಸುವ ಜಿಜಿಪ್‌ಗೆ ಕೊಟ್ಟಿದ್ದರೆ, ಡಂಪ್ ಸೋತರೂ ಜಿಜಿಪ್ ಗೆದ್ದೆ ಅಂತ ಹೇಳುತ್ತದೆ, ಶೆಲ್ ನಂಬುವುದು ಕೊನೆಯವನ ಮಾತನ್ನು. ಡಂಪ್ ಶುರುವಿನಲ್ಲೇ ಸೋತಿದ್ದರೆ ಸಿಗುವುದು 20 ಬೈಟಿನ ಖಾಲಿ ಫೈಲ್. ಬ್ಯಾಷ್ ಸ್ಕ್ರಿಪ್ಟಿನ ತಲೆಯಲ್ಲಿ, ನಡುವೆ ಯಾವುದು ಸೋತರೂ ಸೋಲೆಂದೇ ಹೇಳುವ ಪೈಪ್‌ಫೇಲ್ ಸೆಟ್ ಮಾಡು, ಇಲ್ಲವೇ ಪೈಪ್ ಬಿಟ್ಟು ಕಸ್ಟಮ್ ಫಾರ್ಮ್ಯಾಟ್‌ನಲ್ಲೇ ಡಂಪ್ ತೆಗೆ, ಸಾಮಾನ್ಯವಾಗಿ ಅದೇ ಕುಗ್ಗಿಸಿಕೊಳ್ಳುತ್ತದೆ. ಕ್ರಾನ್‌ಟ್ಯಾಬ್ ಸಾಲಿನಲ್ಲಿ ದಿನಾಂಕಕ್ಕೆ ಬರೆಯುವ % ಚಿಹ್ನೆಗೆ ಮೊದಲು \ ಹಾಕದಿದ್ದರೆ ಆಜ್ಞೆ ಅಲ್ಲಿಗೇ ತುಂಡಾಗುತ್ತದೆ. ಕೈಯಲ್ಲಿ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಇಲ್ಲ ಅನ್ನುವವರದ್ದು ಅರ್ಧಕ್ಕರ್ಧ ಇದೇ, ಉಳಿದರ್ಧ ಪಾತ್, ಅಂದರೆ ಆಜ್ಞೆಗಳನ್ನು ಹುಡುಕುವ ಜಾಗಗಳ ಪಟ್ಟಿ. ಆಮೇಲೆ, ಡಂಪನ್ನು ಅದೇ ಸರ್ವರಿನಲ್ಲಿ ಇಡುವುದು ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಬೇರೆ ಕಡೆಗೆ ಹೋಗಲಿ, ಆ ಜಾಗಕ್ಕೆ ಸರ್ವರಿನಿಂದ ಬರೆಯಲು ಬರಬೇಕು, ಅಳಿಸಲು ಬರಬಾರದು.

ರೆಪ್ಲಿಕಾ ಇದೆ ಅಂತ ಸಮಾಧಾನ ಪಡಬೇಡ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ರಾತ್ರಿಯ ಡಂಪ್ ಒಂದೇ ಇದ್ದರೆ ಅವತ್ತು ಬೆಳಗ್ಗೆ ಅಳೆದ ಹಾಲು ಹೋಯಿತು. ಅದಕ್ಕೆ ವಾಲ್ ಆರ್ಕೈವಿಂಗ್, ಅಂದರೆ ಪ್ರತಿ ಬದಲಾವಣೆಯ ಲಾಗನ್ನು ಕೂಡಿಡುವುದು ಬೇಕು, ಬೇಸ್ ಬ್ಯಾಕಪ್ ಮೇಲೆ ಲಾಗ್ ಓಡಿಸಿ ತಪ್ಪಾಗುವ ಹಿಂದಿನ ಕ್ಷಣಕ್ಕೆ ಡೇಟಾಬೇಸನ್ನು ತಂದು ನಿಲ್ಲಿಸಬಹುದು. ಪಿಜಿ ಬ್ಯಾಕ್‌ರೆಸ್ಟ್ ಎಂಬ ಸಾಧನ ಇಂಥ ಕೆಲಸಕ್ಕೇ ಇರುವುದು. ಅದು ಸ್ವಲ್ಪ ದೊಡ್ಡ ಕೆಲಸ, ನಿನ್ನೊಬ್ಬನ ಮೇಲೆ ಹೇರುತ್ತಿದ್ದೇನೇನೋ. ಮೇಲಿನವರ ಹತ್ತಿರ ಕೇಳಿ ನೋಡು.

ಇದು ನೀನು ಕೇಳದ ವಿಷಯ, ಆದರೂ ಹಾಲು ಅಂದದ್ದಕ್ಕೆ ಹೇಳುತ್ತೇನೆ. ಸಮಯವನ್ನು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ ಇಟ್ಟು ದಿನಾಂಕವನ್ನೂ ಅದರಿಂದಲೇ ತೆಗೆದರೆ, ಬೆಳಗ್ಗೆ 5:30ರ ಒಳಗೆ ಅಳೆದ ಹಾಲೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಬೀಳುತ್ತದೆ. 5:10ಕ್ಕೆ ಅಳೆದದ್ದು ಯುಟಿಸಿಯಲ್ಲಿ ಹಿಂದಿನ ರಾತ್ರಿ 11:40. ಏಪ್ರಿಲ್ 1ರ ಆ ಹೊತ್ತಿನ ಹಾಲು ಹಳೆಯ ಆರ್ಥಿಕ ವರ್ಷಕ್ಕೆ ಹೋಗಿರುತ್ತದೆ. ರೈತರು ಬಂದು 'ನನ್ನ ಹಾಲು ಕಾಣುತ್ತಿಲ್ಲ' ಅಂದಾಗ ಅಳಿಸಿಹೋಯಿತು ಅಂತ ನಿನ್ನ ಎದೆ ಧಸಕ್ ಅನ್ನುವ ಮೊದಲು ಇದನ್ನು ನೋಡು. ಯಾವ ದಿನದ, ಯಾವ ಹೊತ್ತಿನ ಹಾಲು ಅನ್ನುವುದಕ್ಕೆ ದಿನಾಂಕದ ಪ್ರತ್ಯೇಕ ಕಾಲಂ ಇಡುವುದೇ ಒಳ್ಳೆಯದು. ದುಡ್ಡಿಗೆ ಅಂದಾಜು ಲೆಕ್ಕದ ಫ್ಲೋಟ್ ಬೇಡ, ನಿಖರವಾದ ನ್ಯೂಮರಿಕ್ ಸಾಕು.

ಕೋಡಿನ ಬಗ್ಗೆ ನಿನಗೆ ಭಯ ಇದ್ದ ಹಾಗಿಲ್ಲ, ಇರಬೇಕಾಗಿಯೂ ಇಲ್ಲ. ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ಕಮಿಟ್ ಮಾಡಿದ್ದು ಬೇಗ ಹೋಗುವುದಿಲ್ಲ, ಹಿಂದಕ್ಕೆ ತಳ್ಳುವ ರೀಸೆಟ್ ಹಾರ್ಡ್ ಕೊಟ್ಟರೂ ರಿಫ್‌ಲಾಗ್ ಎಂಬ ಅದರ ದಾಖಲೆಯಲ್ಲಿ ಕಡಿಮೆಯೆಂದರೆ 30 ದಿನ ಸಿಗುತ್ತದೆ. ಕಮಿಟ್ ಮಾಡದ್ದು ಮಾತ್ರ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ದಿನ ಆಗಿಯೇ ಹೋಯಿತು ಅಂತಿಟ್ಟುಕೊ. ಮೊದಲು ಗಡಿಯಾರ ನೋಡಿ ಸಮಯ ಬರೆದುಕೊ, ಆ ಕ್ಷಣದ ಹಿಂದಕ್ಕೆ ಹೋಗಲು ಅದೇ ಬೇಕಾಗುವುದು. ಆಮೇಲೆ ಲಾರಾವೆಲ್‌ನ ಆರ್ಟಿಸನ್ ಡೌನ್ ಆಜ್ಞೆ ಕೊಟ್ಟು ಆ್ಯಪ್ ನಿಲ್ಲಿಸು, ಹಿನ್ನೆಲೆಯಲ್ಲಿ ಓಡುವ ಕ್ಯೂ ವರ್ಕರ್, ಕ್ರಾನ್‌ಗಳನ್ನೂ ನಿಲ್ಲಿಸು. ಮೂರನೆಯದು, ಸೀನಿಯರಿಗೆ ಫೋನ್. ಸರಿಮಾಡಿ ಆಮೇಲೆ ಹೇಳೋಣ ಅನ್ನಬೇಡ, ಅಳಿಸಿದ್ದಕ್ಕಿಂತ ಹೆಚ್ಚು ಹಾಳಾಗುವುದು ಆ ಅರ್ಧ ಗಂಟೆಯಲ್ಲಿ. ಅಳಿಸಿದ ಸಾಲುಗಳ ಜಾಗ ಶುಚಿಮಾಡುವ ವ್ಯಾಕ್ಯೂಮ್ ಕೊಡಬೇಡ, ಡಿಲೀಟ್ ಆದ ಸಾಲುಗಳು ಅದು ಬರುವ ತನಕ ಸಾಮಾನ್ಯವಾಗಿ ಡಿಸ್ಕಿನಲ್ಲಿ ಉಳಿದಿರುತ್ತವೆ. ಹಳೆಯದರ ಮೇಲೆಯೇ ರಿಸ್ಟೋರ್ ಮಾಡಬೇಡ, ಹೊಸ ಹೆಸರಿನ ಡೇಟಾಬೇಸಿಗೆ ಮಾಡಿ, ಸಂಘವಾರು ಲೀಟರ್ ಮೊತ್ತ ತಾಳೆ ನೋಡಿ, ಆಮೇಲೆ ಆ್ಯಪನ್ನು ಅದರ ಕಡೆ ತಿರುಗಿಸು.

ಇದನ್ನು ಆ ದಿನಕ್ಕೆ ಕಾಯದೆ ಈ ಶನಿವಾರವೇ ಒಮ್ಮೆ ಮಾಡು. ಬೇರೆ ಯಂತ್ರದಲ್ಲಿ ಖಾಲಿ ಡೇಟಾಬೇಸ್, ನಿನ್ನೆಯ ಡಂಪ್, ಕೈಯಲ್ಲಿ ಗಡಿಯಾರ. ಅದರಲ್ಲಿ ರೈತರ ಬ್ಯಾಂಕ್ ಖಾತೆ ನಂಬರ್ ಇರುತ್ತದೆ, ನೋಡಿಯಾದ ಮೇಲೆ ಆ ಪ್ರತಿಯನ್ನು ಉಳಿಸಿಕೊಳ್ಳಬೇಡ. ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ನಿಂತಿತು ಅಂತ ನನಗೆ ಬರೆ.

ಇತಿ,
ನಿನ್ನ ಅತ್ತೆ